ಕೊನೆಯ ಪದ ಕೇಳಿಸುವಂತೆ

(ಮಡಿಕೇರಿಯಲ್ಲಿ ಹೊಸ ಬರಹಗಾರರಿಗಾಗಿ ನಡೆದ ಒಂದು ದಿನದ ಕಮ್ಮಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಹಿರಿಯರೆ, ಗೆಳೆಯ ಗೆಳತಿಯರೆ,

ಪುಸ್ತಕ ಹೊರಬಂದ ಮೇಲೆ ಲೇಖಕರ ಹೆಗಲಿಗೆ ಬೀಳುವ ಒಂದು ಕೆಲಸದ ಬಗ್ಗೆ ನಮ್ಮಲ್ಲಿ ಯಾರೂ ಹೇಳಿಕೊಡುವುದಿಲ್ಲ. ಕಾಲೇಜಿನ ಕನ್ನಡ ಸಂಘದವರು ಕರೆಯುತ್ತಾರೆ, ಗ್ರಂಥಾಲಯ ಸಪ್ತಾಹಕ್ಕೆ ಬನ್ನಿ ಎನ್ನುತ್ತಾರೆ, ತಾಲ್ಲೂಕು ಸಾಹಿತ್ಯ ಸಮ್ಮೇಳನದ ಗೋಷ್ಠಿಯಲ್ಲಿ ಇಪ್ಪತ್ತು ನಿಮಿಷ ಮಾತನಾಡಿ ಎನ್ನುತ್ತಾರೆ. ಮೂರು ವರ್ಷ ಕೂತು ಒಂದು ಕಾದಂಬರಿಯನ್ನು ನಾಲ್ಕು ಸಲ ತಿದ್ದಿದವರು, ಅದೇ ಕಾದಂಬರಿಯ ಬಗ್ಗೆ ಮಾತನಾಡುವುದಕ್ಕೆ ಮಾತ್ರ ಹಿಂದಿನ ರಾತ್ರಿ ಊಟವಾದ ಮೇಲೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಗೀಚಿಕೊಂಡು ಹೊರಟುಬಿಡುತ್ತಾರೆ. ಬರೆಯಬಲ್ಲವರಿಗೆ ಮಾತು ತಾನಾಗಿ ಬರುತ್ತದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ನಾನೂ ಬಹಳ ವರ್ಷ ಅದನ್ನೇ ನಂಬಿದ್ದೆ.

ಮಾತು ಕೇಳುವ ಅಭ್ಯಾಸ ಈ ಊರಿಗೆ ಹೊಸದಲ್ಲ. 1932ರಲ್ಲಿ ಡಿ.ವಿ.ಜಿ.ಯವರ, 1981ರಲ್ಲಿ ಶಂ.ಬಾ. ಜೋಶಿಯವರ, 2014ರಲ್ಲಿ ನಾ. ಡಿಸೋಜರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಮಡಿಕೇರಿಯಲ್ಲಿ. ಸಮ್ಮೇಳನದ ಅಧ್ಯಕ್ಷ ಭಾಷಣ ಮೊದಲೇ ಬರೆದು ಅಚ್ಚಾಗಿರುತ್ತದೆ. ಮೈದಾನದಲ್ಲಿ ಕಿವಿ ತಪ್ಪಿದ ಸಾಲನ್ನು ಮನೆಗೆ ಹೋಗಿ ಕಣ್ಣಿನಿಂದ ಹುಡುಕಿಕೊಳ್ಳಬಹುದು. ನಮ್ಮ ನಿಮ್ಮಂಥವರ ಮಾತಿಗೆ ಆ ಅನುಕೂಲವಿಲ್ಲ. ಕೇಳುಗರ ಕಿವಿಗೆ ಒಂದು ಸಲ ತಲುಪದಿದ್ದರೆ ಅದು ಹೋಯಿತು. ಆದ್ದರಿಂದ ಮಾತಿನ ತಯಾರಿಯನ್ನು ಬರವಣಿಗೆಯ ಆಚೆಗಿನ ಕೆಲಸವೆಂದು ತಿಳಿಯದೆ, ಅದೂ ಬರವಣಿಗೆಯೇ, ಆದರೆ ಕಿವಿಗಾಗಿ ಮಾಡುವ ಬರವಣಿಗೆ ಎಂದು ತಿಳಿಯಬೇಕು ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ.

ಇದನ್ನು ನನಗೆ ಕಲಿಸಿದ್ದು ಒಂದು ಜುಲೈ ತಿಂಗಳ ಮಧ್ಯಾಹ್ನ. ಜಿಲ್ಲೆಯ ಒಂದು ಊರಿನಲ್ಲಿ, ತಗಡಿನ ಮಾಡಿನ ಸಭಾಂಗಣದಲ್ಲಿ, ನನ್ನ ಕಥಾ ಸಂಕಲನದ ಬಗ್ಗೆ ಮಾತನಾಡಲು ಕರೆದಿದ್ದರು. ನಾನು 14 ಪುಟ ಬರೆದುಕೊಂಡು ಹೋಗಿದ್ದೆ. ಬರಹ ಚೆನ್ನಾಗಿಯೇ ಇತ್ತು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಮಳೆ ಜೋರಾಯಿತು. ಕೊಡಗಿನವರಿಗೆ ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನು ವಿವರಿಸಿ ಹೇಳಬೇಕಾಗಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕರೆಂಟು ಹೋಯಿತು, ಮೈಕು ನಿಂತಿತು. ನಾನು ತಲೆಯೆತ್ತದೆ ಓದುತ್ತಲೇ ಹೋದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹಿರಿಯ ತಾಯಿ ತಲೆಗೆ ಕಟ್ಟಿದ್ದ ವಸ್ತ್ರವನ್ನು ಬಲಗಿವಿಯಿಂದ ಮೇಲಕ್ಕೆ ಸರಿಸಿ, ಅಂಗೈಯನ್ನು ಕಿವಿಯ ಹಿಂದೆ ಒಡ್ಡಿ, ಕೊನೆಯವರೆಗೂ ಹಾಗೆಯೇ ಮುಂದಕ್ಕೆ ಬಾಗಿ ಕುಳಿತಿದ್ದರು. ಮುಗಿದ ಮೇಲೆ ಹತ್ತಿರ ಬಂದು ಕೇಳಿದರು: "ಮನೆಯವರ ಕಷ್ಟ ಕಥೆ ಬರೀಲಿಕ್ಕೆ ಅವರ ಒಪ್ಪಿಗೆ ಕೇಳ್ಬೇಕು ಅಂದದ್ದಾ, ಬೇಡ ಅಂದದ್ದಾ? ಅದೊಂದು ನಂಗೆ ಕೇಳ್ಲಿಲ್ಲ."

ನನ್ನ ಹಾಳೆಯಲ್ಲಿದ್ದ ವಾಕ್ಯ ಇದು: "ತನ್ನ ಮನೆಯವರ ನೋವನ್ನು ಕಥೆಯಾಗಿಸುವ ಲೇಖಕ ಅದಕ್ಕೆ ಮೊದಲು ಅವರೆಲ್ಲರ ಒಪ್ಪಿಗೆಯನ್ನು ಪಡೆದಿರಲೇಬೇಕೆಂಬ ಕಟ್ಟುಪಾಡನ್ನು ಎಲ್ಲ ಸಂದರ್ಭಗಳಲ್ಲೂ ವಿಧಿಸಬಹುದೆಂದು ನನಗೆ ಅನ್ನಿಸುವುದಿಲ್ಲ." ಈ ವಾಕ್ಯದ ಅರ್ಥವೆಲ್ಲ ನಿಂತಿರುವುದು ಕೊನೆಯ ಪದದ ಕೊನೆಯ ತುಣುಕಿನ ಮೇಲೆ. 'ಇಲ್ಲ' ಎಂಬುದು ಕೇಳಿಸದಿದ್ದರೆ ವಾಕ್ಯ ನೇರವಾಗಿ ತಿರುಗಿ ನಿಲ್ಲುತ್ತದೆ. ಒಂದು ಗಂಟೆ ಕಿವಿಗೆ ಕೈಯೊಡ್ಡಿ ಕುಳಿತವರಿಗೆ ನಾನು ಹೌದೆಂದೆನೋ ಇಲ್ಲವೆಂದೆನೋ ತಿಳಿಯಲಿಲ್ಲ. ಅದರ ಹೊಣೆಯನ್ನು ನಾನು ಮಳೆಯ ಮೇಲೆ ಹೊರಿಸಲಾರೆ. ಅವರು ಆ ಪ್ರಶ್ನೆಯನ್ನು ಕೇಳಿದ ರೀತಿ ನೋಡಿದರೆ, ಉತ್ತರ ಅವರಿಗೆ ಬೇಕಾಗಿತ್ತು ಎನ್ನುವುದು ಸ್ಪಷ್ಟವಾಗಿತ್ತು.

ಅಂದಿನಿಂದ ನಾನು ಬೇರೆಯವರ ಭಾಷಣಗಳನ್ನೂ ಈ ದೃಷ್ಟಿಯಿಂದ ಕೇಳುತ್ತ ಬಂದಿದ್ದೇನೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಮಾಡಿದರೋ ಮಾಡಲಿಲ್ಲವೋ, ಬೇಕೋ ಬೇಡವೋ, ಆಗಬಹುದೋ ಆಗಬಾರದೋ, ಎಲ್ಲ ತೀರ್ಮಾನವಾಗುವುದು ಆ ಕೊನೆಯ ಪದದಲ್ಲಿ. ಆದರೆ ಮಾತನಾಡುವವರ ಉಸಿರು ಕಡಿಮೆಯಾಗುವುದೂ ಅಲ್ಲಿಯೇ, ದನಿ ಇಳಿಯುವುದೂ ಅಲ್ಲಿಯೇ, ಕಣ್ಣು ಮುಂದಿನ ಸಾಲಿಗೆ ಜಾರುವುದೂ ಅಲ್ಲಿಯೇ. ಅರ್ಥ ಎಲ್ಲಿ ತುಂಬಿರುತ್ತದೋ ಅಲ್ಲಿಯೇ ದನಿ ಬರಿದಾಗುತ್ತದೆ. ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತವರು ಬೇಗನೆ ದಣಿಯುವುದಕ್ಕೆ ಇದೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ಅವರಿಗೆ ನಾಮಪದಗಳೆಲ್ಲ ಕೇಳಿಸುತ್ತವೆ, ಏನಾಯಿತು ಎನ್ನುವುದು ಕೇಳಿಸುವುದಿಲ್ಲ.

ಇದಕ್ಕೆ ಮಾಡಬೇಕಾದದ್ದು ಎರಡು ಕಡೆಯ ಕೆಲಸ, ಒಂದು ಬರಹದಲ್ಲಿ, ಇನ್ನೊಂದು ಉಸಿರಿನಲ್ಲಿ. ಬರಹದ ಕೆಲಸವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ನನ್ನದೇ ಒಂದು ಕಥೆಯಲ್ಲಿ ಹೀಗೊಂದು ವಾಕ್ಯವಿದೆ: "ಹಿಂದಿನ ರಾತ್ರಿಯ ಗಾಳಿಗೆ ಬುಡಮೇಲಾದ ಸಿಲ್ವರ್ ಮರದ ಅಡಿಯಲ್ಲಿ ಸಿಲುಕಿ ಮುರಿದಿದ್ದ, ಅಜ್ಜ ತಮ್ಮ ಕೈಯಾರೆ ನೆಟ್ಟು ನಲವತ್ತು ವರ್ಷ ಕೊಂಬೆ ಸವರಿಕೊಂಡು ಬಂದಿದ್ದ ರೊಬಸ್ಟಾ ಕಾಫಿ ಗಿಡಗಳನ್ನು ಅವಳು ಒಂದೊಂದಾಗಿ ಮುಟ್ಟಿ ನೋಡಿದಳು." ಪುಟದ ಮೇಲೆ ಈ ವಾಕ್ಯದ ಬಗ್ಗೆ ನನಗೆ ತಕರಾರಿಲ್ಲ. ಓದುವ ಕಣ್ಣು ಮುಂದಕ್ಕೂ ಹಿಂದಕ್ಕೂ ಓಡಾಡುತ್ತದೆ, 'ಮುರಿದಿದ್ದ' ಎಂಬುದು ಯಾವುದಕ್ಕೆ ಸೇರಿದ್ದೆಂದು ಕ್ಷಣದಲ್ಲಿ ನೋಡಿಕೊಳ್ಳುತ್ತದೆ. ಕಿವಿಗೆ ಆ ಓಡಾಟ ಸಾಧ್ಯವಿಲ್ಲ. ಕೇಳುವವರು 'ಬುಡಮೇಲಾದ', 'ಸಿಲುಕಿ', 'ಮುರಿದಿದ್ದ', 'ನೆಟ್ಟು', 'ಬಂದಿದ್ದ' ಎಂಬ ಮಾತುಗಳನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು 'ಗಿಡಗಳು' ಬರುವವರೆಗೆ ಕಾಯಬೇಕು. ಹಿಡಿದದ್ದರಲ್ಲಿ ಒಂದೆರಡು ಜಾರಿಹೋಗಿಯೇ ಹೋಗುತ್ತವೆ.

ಸಭೆಯಲ್ಲಿ ನಾನು ಅದನ್ನೇ ಹೀಗೆ ಓದುತ್ತೇನೆ: "ಹಿಂದಿನ ರಾತ್ರಿ ಗಾಳಿ ಬೀಸಿತ್ತು. ಒಂದು ಸಿಲ್ವರ್ ಮರ ಬುಡಮೇಲಾಗಿ ಬಿದ್ದಿತ್ತು. ಅದರ ಅಡಿಯಲ್ಲಿ ರೊಬಸ್ಟಾ ಗಿಡಗಳು ಮುರಿದುಹೋಗಿದ್ದವು. ಅಜ್ಜ ನೆಟ್ಟ ಗಿಡಗಳು. ನಲವತ್ತು ವರ್ಷ ಅವರೇ ಕೊಂಬೆ ಸವರಿದ ಗಿಡಗಳು. ಅವಳು ಒಂದೊಂದನ್ನೇ ಮುಟ್ಟಿ ನೋಡಿದಳು." ಮಾತು ಅದೇ, ಕ್ರಮವೂ ಹೆಚ್ಚುಕಡಿಮೆ ಅದೇ. ಆದರೆ ಕ್ರಿಯಾಪದಗಳು ಒಂದೊಂದಾಗಿ ನೆಲ ಮುಟ್ಟುತ್ತವೆ, 'ಗಿಡಗಳು' ಎಂಬ ಪದ ಮೂರು ಸಲ ಬರುತ್ತದೆ. ಬರಹದಲ್ಲಿ ಪುನರುಕ್ತಿಯನ್ನು ದೋಷವೆಂದು ತಿದ್ದಿಸಿಕೊಂಡು ಬೆಳೆದವರು ನಾವು. ಕೇಳುವವರಿಗೆ ಅದು ಮೆಟ್ಟಿಲು. ಅಚ್ಚಾದ ವಾಕ್ಯವನ್ನು ಬದಲಿಸಿ ಓದುವುದು ಕೃತಿಗೆ ಮಾಡುವ ಅಪಚಾರವೆಂದು ಕೆಲವರು ನನ್ನೊಡನೆ ವಾದಿಸಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕವಿತೆಯ ಮಾತು ಬೇರೆ, ಅಲ್ಲಿ ಒಂದಕ್ಷರವನ್ನೂ ಮುಟ್ಟಬಾರದು. ಗದ್ಯವನ್ನು ಬರೆದವರೇ ಕೇಳುವವರಿಗಾಗಿ ಬಿಡಿಸಿ ಹೇಳುವುದರಲ್ಲಿ ತಪ್ಪಿಲ್ಲ.

ನಿಷೇಧದ ವಾಕ್ಯಗಳನ್ನು ಮಾತ್ರ ವಿಶೇಷವಾಗಿ ಹುಡುಕಿ ತಿದ್ದಬೇಕು. 'ಎಂದು ಹೇಳಲಾಗುವುದಿಲ್ಲ', 'ಎಂಬುದನ್ನು ಒಪ್ಪಬೇಕಾಗಿಲ್ಲ' ಎಂದು ಮುಗಿಯುವ ಉದ್ದ ವಾಕ್ಯ ಸಿಕ್ಕಿದರೆ ನಾನು ಅದನ್ನು ಪ್ರಶ್ನೆಯಾಗಿ ಒಡೆಯುತ್ತೇನೆ. "ಮನೆಯವರ ಒಪ್ಪಿಗೆ ಕೇಳಲೇಬೇಕೇ? ಯಾವಾಗಲೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ." ಅಂದು ಇಷ್ಟು ಮಾಡಿದ್ದರೆ ಆ ತಾಯಿಗೆ ತಗಡಿನ ಮಳೆಯಲ್ಲಿಯೂ ನನ್ನ ಉತ್ತರ ಮುಟ್ಟುತ್ತಿತ್ತು.

ಇನ್ನು ಉಸಿರಿನ ಕೆಲಸ. ಇದನ್ನು ಕಲಿಯುವುದಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ. ಕೊಡವರ ಮದುವೆ ಮನೆಯಲ್ಲಿ ದುಡಿ ಕೊಟ್ಟ್ ಪಾಟ್, ಅಂದರೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹೇಳುವ ಹಾಡು, ಹಾಡುವವರನ್ನು ಗಮನಿಸಿ. ನಾಲ್ವರು ದುಡಿ ಹಿಡಿದು ನಿಲ್ಲುತ್ತಾರೆ. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಂಡು ಮತ್ತೆ ಹಾಡುತ್ತಾರೆ. ಆ ಹೊತ್ತಿನಲ್ಲಿ ಮೊದಲಿನ ಇಬ್ಬರಿಗೆ ಉಸಿರು ತುಂಬಿಕೊಳ್ಳಲು ಬಿಡುವು, ಕೇಳುವವರಿಗೆ ಸಾಲನ್ನು ಮನಸ್ಸಿಗೆ ಇಳಿಸಿಕೊಳ್ಳಲು ಬಿಡುವು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯಲ್ಲಿ ಅಂಥ ಹಾಡುಗಳನ್ನು ಕಣ್ಣಿನಿಂದ ಓದುವುದು ಬೇರೆ, ದುಡಿಯ ಪೆಟ್ಟಿನೊಡನೆ ಕೇಳುವುದು ಬೇರೆ. ಭಾಷಣ ಮಾಡುವವರು ಒಂಟಿ; ಎತ್ತಿಕೊಳ್ಳುವ ಜೊತೆಗಾರರಿಲ್ಲ. ಆದ್ದರಿಂದ ಆ ಬಿಡುವನ್ನು ನಾವೇ ಹಾಳೆಯ ಮೇಲೆ ಗುರುತು ಮಾಡಿಕೊಳ್ಳಬೇಕು. ನಾನು ಪೆನ್ಸಿಲಿನಿಂದ ಉಸಿರು ತೆಗೆದುಕೊಳ್ಳುವ ಕಡೆ ಒಂದು ಓರೆ ಗೆರೆ ಎಳೆಯುತ್ತೇನೆ, ವಾಕ್ಯದ ಕೊನೆಯ ಕ್ರಿಯಾಪದದ ಕೆಳಗೆ ಅಡ್ಡ ಗೆರೆ ಎಳೆಯುತ್ತೇನೆ. ವಾಕ್ಯ ಉದ್ದವಾಗಿದ್ದರೆ ಓರೆ ಗೆರೆ ಕ್ರಿಯಾಪದಕ್ಕೆ ಎರಡು ಮೂರು ಪದಗಳ ಮೊದಲೇ ಬರಬೇಕು. ಅಲ್ಲಿ ಉಸಿರು ತುಂಬಿಕೊಂಡರೆ ಕೊನೆಯ ಪದಕ್ಕೆ ದನಿ ಉಳಿಯುತ್ತದೆ. ಪೂರ್ಣವಿರಾಮ ಬಂದಾಗ ಉಸಿರೆಳೆದರಾಯಿತು ಎಂದುಕೊಂಡರೆ ಅಷ್ಟರಲ್ಲಿ ಪದ ನಂದಿರುತ್ತದೆ.

ಬರೆದದ್ದನ್ನು ಓದಬೇಕೋ, ಬಾಯಿಪಾಠ ಮಾಡಬೇಕೋ, ಟಿಪ್ಪಣಿ ಇಟ್ಟುಕೊಂಡು ಮಾತನಾಡಬೇಕೋ ಎಂದು ನಿಮ್ಮಲ್ಲಿ ಹಲವರು ಬೆಳಿಗ್ಗೆಯೇ ಕೇಳಿದಿರಿ. ಬಾಯಿಪಾಠವನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದು ಪದ ತಪ್ಪಿದರೆ ಹಿಂದಿನ ಇಡೀ ಪುಟಕ್ಕೆ ಓಡಬೇಕಾಗುತ್ತದೆ. ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾಗಿರುವುದು ಸಂಪಾಜೆ ಘಟ್ಟದ ಕೆಳಗೆ ಇಂದಿಗೂ ಜೀವಂತವಾಗಿರುವ ತಾಳಮದ್ದಳೆಯ ದಾರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾರೆ. ಅರ್ಥದ ಮಾತುಗಳನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಆದರೆ ಅರ್ಥಧಾರಿ ಬರಿಗೈಯಲ್ಲಿ ಬಂದಿರುವುದಿಲ್ಲ. ಪ್ರಸಂಗದ ಪದ್ಯಗಳು ಅವರಿಗೆ ಕಂಠಸ್ಥವಾಗಿರುತ್ತವೆ, ಪುರಾಣದ ಹಿಂದುಮುಂದು ಗೊತ್ತಿರುತ್ತದೆ, ಎದುರಿನವರು ಯಾವ ಕಡೆಯಿಂದ ವಾದ ಹೂಡಿಯಾರು ಎಂಬ ಅಂದಾಜಿರುತ್ತದೆ. ಪದ್ಯ ಸ್ಥಿರ, ಅರ್ಥ ಚಲಿಸುವಂಥದ್ದು. ನಾನು ಭಾಷಣವನ್ನು ಪೂರ್ತಿಯಾಗಿ ಬರೆಯುತ್ತೇನೆ, ಮೂರು ನಾಲ್ಕು ಸಲ ಗಟ್ಟಿಯಾಗಿ ಓದುತ್ತೇನೆ, ಆಮೇಲೆ ಅದನ್ನು ಬದಿಗಿಟ್ಟು ಆರೇಳು ಸ್ಥಿರವಾದ ವಾಕ್ಯಗಳನ್ನು ಮಾತ್ರ ಒಂದು ಕಾರ್ಡಿನಲ್ಲಿ ಬರೆದುಕೊಳ್ಳುತ್ತೇನೆ. ಆ ವಾಕ್ಯಗಳು ನನ್ನ ಪದ್ಯಗಳು. ಉಳಿದದ್ದು ಅಂದಿನ ಸಭೆಯ ಮುಖ ನೋಡಿ ಬರಬೇಕು.

ಹಾಗೆಂದು ಬರೆದದ್ದನ್ನು ನೋಡಿ ಓದುವವರನ್ನು ನಾನು ಕೀಳಾಗಿ ಕಾಣುವುದಿಲ್ಲ. ಆಕಾಶವಾಣಿಯಲ್ಲಿ ಭಾಷಣ ಮಾಡಿದವರಿಗೆ ಗೊತ್ತಿದೆ, ಅಲ್ಲಿ ಬರೆದದ್ದನ್ನೇ ಓದಬೇಕು, ಆದರೆ ಓದಿದಂತೆ ಕೇಳಿಸಬಾರದು. ಮಡಿಕೇರಿ ಕೇಂದ್ರದಲ್ಲಿ ಧ್ವನಿಮುದ್ರಣಕ್ಕೆ ಹೋದಾಗ ಕಲಿತ ಕೆಲವು ಸಣ್ಣ ವಿಷಯಗಳನ್ನು ಇಂದಿಗೂ ಬಿಟ್ಟಿಲ್ಲ. ಹಾಳೆಗಳಿಗೆ ಪಿನ್ ಹೊಡೆಯಬಾರದು. ಬಿಡಿ ಹಾಳೆಗಳನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಬೇಕು. ಒಂದೇ ಬದಿಯಲ್ಲಿ, ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಅಚ್ಚು ಮಾಡಿಸಬೇಕು, ಪುಟಸಂಖ್ಯೆ ಹಾಕಬೇಕು. ವಾಕ್ಯ ಒಂದು ಪುಟದಲ್ಲಿ ಆರಂಭವಾಗಿ ಇನ್ನೊಂದರಲ್ಲಿ ಮುಗಿಯಬಾರದು, ಏಕೆಂದರೆ ಪುಟ ಸರಿಸುವ ಹೊತ್ತಿನಲ್ಲಿ ಕಾಣೆಯಾಗುವುದು ಮತ್ತೆ ಅದೇ ಕ್ರಿಯಾಪದ. ಸಭೆಯಲ್ಲಿ ಓದುವುದಾದರೆ ಹಾಳೆಯ ಕೆಳಭಾಗವನ್ನು ಖಾಲಿ ಬಿಡಿ. ಕಣ್ಣು ತೀರ ಕೆಳಗಿಳಿದರೆ ಗದ್ದವೂ ಇಳಿಯುತ್ತದೆ, ದನಿ ಎದೆಯೊಳಗೆ ಸೇರುತ್ತದೆ.

ಕಾಲದ ಲೆಕ್ಕವನ್ನು ಊಹೆಗೆ ಬಿಡಬಾರದು. ನಾನು ಗಡಿಯಾರ ಮುಂದಿಟ್ಟುಕೊಂಡು ನೋಡಿದಂತೆ, ಸಭೆಗೆ ತಿಳಿಯುವ ಹಾಗೆ ಓದಿದರೆ ನನ್ನ ಓದು ನಿಮಿಷಕ್ಕೆ 80ರಿಂದ 90 ಪದಗಳನ್ನು ದಾಟುವುದಿಲ್ಲ. 20 ನಿಮಿಷಕ್ಕೆ ಸುಮಾರು 1,700 ಪದ. ಅಂದು ನಾನು ಒಯ್ದಿದ್ದ 14 ಪುಟಗಳಲ್ಲಿ ಅದರ ಎರಡರಷ್ಟಿತ್ತು. ನಿಮ್ಮ ಓದಿನ ವೇಗವನ್ನು ನೀವೇ ಅಳೆದುಕೊಳ್ಳಿ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನಗಳೆಲ್ಲ ಮುಗಿಯುವಾಗ ನಿಮಗೆ ಕೊಟ್ಟ 20 ನಿಮಿಷ 10 ಆಗಿರುವುದು ಅಪರೂಪವಲ್ಲ. ಆಗ ಬೇಗಬೇಗ ಓದಿ ಮುಗಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಯಾವ ಭಾಗವನ್ನು ಪೂರ್ತಿಯಾಗಿ ಬಿಡಬಹುದೆಂದು ಮನೆಯಲ್ಲಿಯೇ ಗುರುತು ಹಾಕಿಕೊಂಡು ಬರಬೇಕು.

ಕೊಡಗಿನಲ್ಲಿ ಮಾತನಾಡುವವರು ಇನ್ನೊಂದನ್ನು ಮನಸ್ಸಿನಲ್ಲಿಡಬೇಕು. ಇಲ್ಲಿನ ಒಂದು ಸಭೆಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರಿರುತ್ತಾರೆ, ಅರೆಭಾಷೆಯವರಿರುತ್ತಾರೆ, ತುಳು, ಮಲಯಾಳ, ಬ್ಯಾರಿ ಮಾತನಾಡುವವರಿರುತ್ತಾರೆ, ಎರವ ಮತ್ತು ಕುರುಬ ನುಡಿಗಳವರಿರುತ್ತಾರೆ. ಅವರೆಲ್ಲರಿಗೂ ಕನ್ನಡ ಶಾಲೆಯಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ಬಳಸಿ ಹತ್ತಿರವಾದ ಭಾಷೆ. 'ಅನುಸಂಧಾನ', 'ನಿರ್ವಚನ', 'ಸ್ವೋಪಜ್ಞತೆ' ಎಂಬ ವಿಮರ್ಶೆಯ ಪದಗಳನ್ನು ಒಂದರ ಹಿಂದೆ ಒಂದು ಪೋಣಿಸಿದರೆ ಕಣ್ಣಿಗೆ ಅರ್ಥವಾದೀತು, ಕಿವಿಗೆ ಆಗುವುದಿಲ್ಲ. ಅಂಥ ಪದ ಬೇಕೇಬೇಕಾದರೆ ಒಂದನ್ನು ಆರಿಸಿಕೊಂಡು, ಅದನ್ನು ಬಿಡಿಸಿ ಹೇಳಿ, ಆಮೇಲೆ ಬಳಸಬೇಕು. ಕೇಳುಗರ ಮಟ್ಟಕ್ಕೆ ಇಳಿಯಿರಿ ಎಂದು ನಾನು ಹೇಳುತ್ತಿಲ್ಲ. ಆ ಮಾತೇ ನನಗೆ ಒಪ್ಪಿಗೆಯಿಲ್ಲ. ಮೂರು ನಾಲ್ಕು ಭಾಷೆಗಳ ನಡುವೆ ಬದುಕುವವರ ಕಿವಿ ಸೂಕ್ಷ್ಮವಾಗಿರುತ್ತದೆ ಎಂದು ನನ್ನ ಅನಿಸಿಕೆ. ನಾವು ಹೇಳುವುದು ಸ್ಪಷ್ಟವಾಗಿದ್ದರೆ ಎಷ್ಟೇ ಕಷ್ಟದ ವಿಚಾರವನ್ನೂ ಅವರು ಹಿಡಿಯುತ್ತಾರೆ.

ನಿಮ್ಮ ಕೃತಿಯಿಂದ ಓದುವ ಭಾಗವನ್ನು ಆರಿಸುವಾಗ ನಿಮಗೆ ಅತ್ಯಂತ ಪ್ರಿಯವಾದ ಪುಟವನ್ನು ಬಿಟ್ಟುಬಿಡಿ. ಅದು ಸಾಮಾನ್ಯವಾಗಿ ಕೃತಿಯ ಒಳಗಡೆ ಇರುತ್ತದೆ, ಹಿಂದಿನ 100 ಪುಟಗಳ ಭಾರವನ್ನು ಹೊತ್ತಿರುತ್ತದೆ. ಸಭೆಗೆ ಇಬ್ಬರೇ ಮಾತನಾಡುವ, ಒಂದೇ ಜಾಗದಲ್ಲಿ ನಡೆಯುವ, ಮೂರು ನಿಮಿಷದಲ್ಲಿ ಮುಗಿಯುವ ಭಾಗ ಸಾಕು.

ಅಭ್ಯಾಸವನ್ನು ಹೇಗೆ ಮಾಡಬೇಕು? ಮನಸ್ಸಿನಲ್ಲಿ ಓದಿಕೊಳ್ಳುವುದು ಅಭ್ಯಾಸವಲ್ಲ. ನಿಂತು, ಬಾಯಿ ತೆರೆದು, ಸಭೆಯಲ್ಲಿ ಆಡುವಷ್ಟೇ ಗಟ್ಟಿಯಾಗಿ ಆಡಬೇಕು. ಮೊದಲನೆಯ ಸಲ ತಡವರಿಸಿದ ಕಡೆಗಳೆಲ್ಲ ಬರಹದ ದೋಷದ ಕಡೆಗಳು ಎಂದು ತಿಳಿಯಿರಿ. ನಾಲಗೆಯನ್ನು ದೂರದೆ ವಾಕ್ಯವನ್ನು ತಿದ್ದಿ. ಎರಡನೆಯ ಸಲ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ನಮ್ಮ ದನಿ ನಮಗೆ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಯ ಮೂಳೆಗಳ ಮೂಲಕವೂ ಕೇಳಿಸುವುದರಿಂದ, ಮುದ್ರಿಸಿದ ದನಿ ತೆಳುವಾಗಿ, ಬೇರೆ ಯಾರದ್ದೋ ಎಂಬಂತೆ ಕೇಳುತ್ತದೆ. ಆ ಮುಜುಗರಕ್ಕೆ ಹೆದರಿ ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ, ಸಭೆಗೆ ಕೇಳಿಸುವುದು ಆ ದನಿಯೇ. ಫೋನನ್ನು ಕೋಣೆಯ ಇನ್ನೊಂದು ತುದಿಯಲ್ಲಿಟ್ಟು ಮುದ್ರಿಸಿ, ಹಾಳೆ ನೋಡದೆ ಕೇಳಿ, ಪ್ರತಿ ವಾಕ್ಯದ ಕೊನೆಯ ಪದ ಕೇಳಿಸುತ್ತದೆಯೇ ಎಂದಷ್ಟೇ ಗಮನಿಸಿ. ಮಳೆಗಾಲದಲ್ಲಿ ನಾನು ಹಿತ್ತಲಿನ ತಗಡಿನ ಚಾವಡಿಯಲ್ಲಿ ನಿಂತು ಅಭ್ಯಾಸ ಮಾಡುತ್ತೇನೆ. ಮಳೆಯ ಮೇಲೆ ಕೂಗುವುದಕ್ಕಲ್ಲ. ಕೂಗಿದರೆ ಗಂಟಲು ಕೆಡುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ನಿಧಾನಿಸುವುದನ್ನು, ವ್ಯಂಜನಗಳನ್ನು ಪೂರ್ತಿಯಾಗಿ ಉಚ್ಚರಿಸುವುದನ್ನು ಮಳೆ ಕಲಿಸುತ್ತದೆ.

ಮೂರನೆಯ ಸಲ ಯಾರಾದರೂ ಒಬ್ಬರ ಎದುರಿಗೆ ಆಡಬೇಕು. ಅವರು ಸಾಹಿತ್ಯದವರಾಗಿರಬೇಕಾಗಿಲ್ಲ. ನನ್ನ ಕೇಳುಗರು ನಮ್ಮ ಮನೆಯಲ್ಲಿ ಕೆಲಸಕ್ಕೆ ನೆರವಾಗುವ ಒಬ್ಬ ಹೆಣ್ಣುಮಗಳು. ಚೆನ್ನಾಗಿತ್ತೇ ಎಂದು ಅವರನ್ನು ಕೇಳುವುದಿಲ್ಲ, ಕೇಳಿದರೆ ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ನಾನು ಏನು ಹೇಳಿದೆ ಎಂದು ಕೇಳುತ್ತೇನೆ. ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಿದಾಗ ನನ್ನ ಭಾಷಣದಲ್ಲಿ ಏನು ಉಳಿದಿದೆ, ಏನು ಸೋರಿದೆ ಎನ್ನುವುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಮೈಕಿನ ಬಗ್ಗೆ ಎರಡೇ ಮಾತು. ಪ, ಬ, ಭ ಮೊದಲಾದ ತುಟಿಯ ಅಕ್ಷರಗಳ ಗಾಳಿ ನೇರವಾಗಿ ಬಡಿದರೆ ಮೈಕು ಗುಡುಗುತ್ತದೆ. ಬಾಯಿಗೆ ಸ್ವಲ್ಪ ಓರೆಯಾಗಿ ಇಟ್ಟುಕೊಂಡರೆ ಆ ತೊಂದರೆಯಿಲ್ಲ. ಹಾಳೆಯತ್ತ ತಲೆ ತಿರುಗಿಸಿದಾಗ ಮೈಕು ನಿಮ್ಮೊಡನೆ ತಿರುಗುವುದಿಲ್ಲ, ಆದ್ದರಿಂದ ಹಾಳೆಯೂ ಮೈಕೂ ಒಂದೇ ನೇರದಲ್ಲಿರಲಿ.

ಕೊನೆಗೆ ಪ್ರಶ್ನೋತ್ತರ. ಕೇಳಿದ ಪ್ರಶ್ನೆಯನ್ನು ಮೊದಲು ಎಲ್ಲರಿಗೂ ಕೇಳುವಂತೆ ತಿರುಗಿ ಹೇಳಿ, ಆಮೇಲೆ ಉತ್ತರಿಸಿ. ಹಿಂದಿನವರಿಗೆ ಪ್ರಶ್ನೆಯೇ ಕೇಳಿರುವುದಿಲ್ಲ. ತಿರುಗಿ ಹೇಳುವಾಗ ಕೇಳಿದವರ ಮುಖ ನೋಡಿದರೆ, ನೀವು ಸರಿಯಾಗಿ ಹಿಡಿದಿದ್ದೀರೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಅಂದು ಆ ತಾಯಿ ಕೇಳಿದ ಪ್ರಶ್ನೆಗೆ ನಾನು ಅವರ ಪಕ್ಕದಲ್ಲಿ ಕುಳಿತು ಉತ್ತರ ಹೇಳಿದೆ. ಕೇಳಿ ಸುಮ್ಮನೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ತಂಗಿ ಬರೆದಿಟ್ಟದ್ದು ಒಂದಷ್ಟು ಉಂಟು, ಮನೆಯಲ್ಲಿ ಯಾರೂ ಅಚ್ಚು ಹಾಕಿಸ್ಲಿಕ್ಕೆ ಬಿಡ್ಲಿಲ್ಲ" ಎಂದರು. ಅವರು ಬಂದದ್ದು ಆ ಒಂದು ಮಾತಿಗೆ ಉತ್ತರ ಕೇಳಲು.

ಈಗ ನನ್ನ ಮಾತು ಸಾಕು. ಮೈಕನ್ನು ಬಂದ್ ಮಾಡಲು ಹೇಳಿದ್ದೇನೆ. ನಿಮ್ಮ ಬಳಿ ನಿಮ್ಮದೇ ಬರಹದ ಒಂದೊಂದು ಪುಟವಿದೆ. ಅದರಲ್ಲಿ ಅತ್ಯಂತ ಉದ್ದವಾದ ವಾಕ್ಯವನ್ನು ಹುಡುಕಿ, ಪೆನ್ಸಿಲಿನಿಂದ ಉಸಿರಿನ ಗೆರೆ ಎಳೆದುಕೊಳ್ಳಿ. ಒಬ್ಬೊಬ್ಬರಾಗಿ ಇಲ್ಲಿ ಬಂದು ನಿಂತು ಆ ಒಂದು ವಾಕ್ಯವನ್ನು ಓದಬೇಕು. ಕೊನೆಯ ಬೆಂಚಿನಲ್ಲಿರುವ ನಾಲ್ವರಿಗೆ ಚೀಟಿಗಳನ್ನು ಕೊಟ್ಟಿದ್ದೇನೆ. ಅವರು ತಮಗೆ ಕೇಳಿಸಿದ ಕೊನೆಯ ಪದವನ್ನು ಮಾತ್ರ ಬರೆಯುತ್ತಾರೆ. ನಾಲ್ಕು ಚೀಟಿಯಲ್ಲೂ ಒಂದೇ ಪದವಿದ್ದರೆ ಮುಂದಿನವರು ಬರಲಿ, ಇಲ್ಲದಿದ್ದರೆ ವಾಕ್ಯವನ್ನು ಒಡೆದು ಬರೆದುಕೊಂಡು ಮತ್ತೊಮ್ಮೆ ಓದೋಣ. ಮೊದಲು ಯಾರು ಬರುತ್ತೀರಿ?